ಬನ್ನಿ ಅಂತ ತಂದ ಗಿಡ

ಗಿಡಗಳ ವಿಷಯದಲ್ಲಿ ನನ್ನ ಕೈಗುಣ ಎಂಥದ್ದೆಂದರೆ, ನಾನು ನರ್ಸರಿಯ ಗೇಟು ದಾಟಿದ ಕೂಡಲೇ ಒಳಗಿನ ಗಿಡಗಳು ಒಂದರ ಹಿಂದೊಂದು ಅಡಗಿಕೊಳ್ಳುತ್ತವೆಂಬ ಅನುಮಾನ ನನಗಿದೆ. ಒಮ್ಮೆ ಹಿಮಾಯತ್‌ನಗರದಿಂದ ಲ್ಯಾವೆಂಡರ್ ತಂದೆ. ಚಳಿ ದೇಶದ ಜೀವ, ಹೈದರಾಬಾದಿನ ಬೇಸಿಗೆ ತಡೆಯಲಿಕ್ಕಿಲ್ಲ ಅಂತ ಅದನ್ನು ಎ.ಸಿ. ಕೋಣೆಯಲ್ಲಿಟ್ಟು, ನಾವು ಗಂಡಹೆಂಡತಿ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಲಗಿದೆವು. ನಮಗೆ ಬೆವರು ಬಂತು, ಅದಕ್ಕೆ ಸಾವು ಬಂತು. ಆಮೇಲೆ ಬಂದ ಫರ್ನ್ ಗಿಡವನ್ನು ಪ್ರೀತಿ ಉಕ್ಕಿ ನೀರಲ್ಲೇ ಮುಳುಗಿಸಿದೆ. "ನೀವು ಗಿಡಾ ತಂದ್ರ ಸಾಕು, ತಿಥಿ ಊಟಕ್ಕ ಯಾರನ್ನ ಕರೀಬೇಕಂತ ನಾ ವಿಚಾರ ಮಾಡಾಕ ಶುರು ಮಾಡ್ತೀನಿ" ಅನ್ನುತ್ತಾಳೆ ಹೆಂಡತಿ ವೈಶಾಲಿ.

ಹಾಗಾಗಿ ಇನ್ನು ಮುಂದೆ ಈ ಮಣ್ಣಿನದೇ ಗಿಡ ಅಂತ ತೀರ್ಮಾನಿಸಿದೆ. ದೇಸಿ ಗಿಡಕ್ಕೆ ಈ ಬಿಸಿಲು ಹೊಸದಲ್ಲ, ಈ ಕಲ್ಲುಮಣ್ಣು ಹೊಸದಲ್ಲ; ನನ್ನಂಥವರನ್ನೂ ಅದು ತಲೆಮಾರುಗಳಿಂದ ಸಹಿಸಿಕೊಂಡು ಬಂದಿರಬೇಕು. ಆದರೆ ಬೇವು, ಹೊಂಗೆ, ಪಾರಿಜಾತ ಎಲ್ಲ ಬಿಟ್ಟು ನಾನು ಬನ್ನಿಯನ್ನೇ ಆರಿಸಿದ್ದಕ್ಕೆ ಕಾರಣ ಸಸ್ಯಶಾಸ್ತ್ರವಲ್ಲ, ನಮ್ಮ ಕಾಕಾ.

ಅಪ್ಪನಿಗೂ ಅವರ ತಮ್ಮನಿಗೂ, ಅಂದರೆ ನಮ್ಮ ಕಾಕಾಗೂ, ಮಾತು ನಿಂತಿತ್ತು. ಬೀದರ್ ಕಡೆಯಿಂದ ಒಟ್ಟಿಗೇ ಈ ಊರಿಗೆ ಬಂದವರು. ಅಪ್ಪ ನಮ್ಮ ಜೊತೆ ನಾರಾಯಣಗೂಡದಲ್ಲಿ, ಕಾಕಾ ಉಪ್ಪಲ್‌ನಲ್ಲಿ. ನನ್ನ ಮದುವೆಯಲ್ಲಿ ಮನೆಮಂದಿಯ ಫೋಟೊ ತೆಗೆಯುವಾಗ ಕಾಕಾ ಊಟಕ್ಕೆ ಕೂತಿದ್ದರು. ಫೋಟೊದವನು ಅವಸರ ಮಾಡಿದ, ಅಪ್ಪ ಹೂಂ ಅಂದರು. ಆಲ್ಬಮ್ ಬಂದ ದಿನ ಕಾಕಾ ಹಾಳೆ ತಿರುವಿ ನೋಡಿ, "ಎಲ್ಲಾರೂ ಅದಾರ. ಬ್ಯಾಂಡಿನಂವ ಸುದ್ದಾ ಅದಾನ. ನಾ ಇಲ್ಲ" ಅಂದು ಚಪ್ಪಲಿ ಮೆಟ್ಟಿ ಹೋದರು. ಮೊದಲೆಲ್ಲ ಕ್ರಿಕೆಟ್ ಮ್ಯಾಚ್ ನಡೆದಾಗ ಇಬ್ಬರೂ ಫೋನಿನಲ್ಲಿ ಸೇರಿ ನಮ್ಮ ಬೌಲರುಗಳನ್ನು ಬೈಯುತ್ತಿದ್ದರು. ಆಮೇಲೆ ಅಪ್ಪ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಮ್ಯಾಚ್ ನೋಡುತ್ತಿದ್ದರು. ವಿಕೆಟ್ ಬಿದ್ದಾಗ ಕೈ ಅದರ ಮೇಲೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು.

ದಸರಾದ ಸಂಜೆ ಬನ್ನಿ ಎಲೆ ಕೈಗಿಟ್ಟು 'ಬಂಗಾರದಂಗ ಇರೋಣು' ಅನ್ನುವುದು ನಿಮಗೆ ಗೊತ್ತೇ ಇದೆ. ನಮ್ಮ ತೆಲುಗು ನೆರೆಯವರೂ ಅದನ್ನೇ ಜಮ್ಮಿ ಅಂದು ಹಂಚುತ್ತಾರೆ. ಹಳೆ ಕಾಲದ ವೀರರು ಆಯುಧ ಬಚ್ಚಿಟ್ಟ ಮರವಂತೆ. ಮನೆಮಂದಿ ಸಿಟ್ಟಿನ ಈಟಿಗಳನ್ನು ಕೆಳಗಿಡಲಿಕ್ಕೂ ಅದೇ ಸರಿ. ಮಾತು ಬಿಟ್ಟವರೂ ಆ ಎಲೆ ಹಿಡಿದು ಬಂದರೆ ಬಾಗಿಲು ತೆಗೆಯಲೇಬೇಕು. ತೊಡಕು ಒಂದೇ: ಸಣ್ಣವರು ದೊಡ್ಡವರಿಗೆ ಒಯ್ದು ಕೊಡಬೇಕು. "ಈ ಸಲ ನಾ ಬರಂಗಿಲ್ಲ" ಅಂದಿದ್ದರು ಕಾಕಾ. "ದೊಡ್ಡಾಂವ ನಾ ಹೆಂಗ ಹೋಗ್ಲಿ?" ಅನ್ನುತ್ತಿದ್ದರು ಅಪ್ಪ. ಆಗ ನನ್ನ ಇಂಜಿನಿಯರ್ ತಲೆ ಓಡಿತು. ಅಪ್ಪನ ಬಾಲ್ಕನಿಯಲ್ಲೇ ಬನ್ನಿ ಬೆಳೆಸಿ, ಅದರ ಎಲೆ ನಾನೇ ಒಯ್ಯುವುದು. ಸಂತೆಯಲ್ಲಿ ಕೊಂಡ ಬನ್ನಿಯಾದರೆ ಅದು ಯಾರ ಮನೆಯದೂ ಅಲ್ಲ. ಇದಾದರೆ ಅಣ್ಣನ ಮನೆಯದು.

ನರ್ಸರಿಯ ಖಲೀಲ್ ಭಾಯ್ ಬನ್ನಿ ಖಾಲಿಯಾಗಿದೆ, ಮಳೆ ಹಿಡಿದ ಮೇಲೆ ಬನ್ನಿರಿ ಅಂದರು. ಹೊರಡುವಾಗ ಮೂಲೆಯಲ್ಲಿ, ಸತ್ತ ಗುಲಾಬಿಯ ಕುಂಡದಲ್ಲಿ, ಸಣ್ಣಸಣ್ಣ ಎಲೆಯ ಸಸಿಯೊಂದು ಕಂಡಿತು. ಫೋನ್ ಹಿಡಿದೆ. ಗಿಡ ಗುರುತಿಸುವ ಆ್ಯಪ್ 'ಬನ್ನಿಯ ಬಳಗ' ಅಂತ ತೋರಿಸಿತು. ಬಳಗದಲ್ಲಿ ಎಂತೆಂಥವರು ಇರುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು ಹೇಳಿ. "ಓ ತೊ ಐಸೇಚ್ ಉಗ್ ಗಯಾ ಸಾಬ್" ಅಂದರು ಖಲೀಲ್ ಭಾಯ್, ತಾನಾಗೇ ಹುಟ್ಟಿದ್ದು ಅದು ಅಂತ. ಅವರಿಗೆ ಇದರ ಬೆಲೆ ತಿಳಿದಿಲ್ಲವೆಂದು ಒಳಗೊಳಗೇ ನಕ್ಕು, ಚೌಕಾಸಿ ಮಾಡಿ, ಹೊತ್ತು ತಂದೆ.

ನನ್ನ ಕೈಯಲ್ಲಿ ಬದುಕಿದ ಮೊದಲ ಗಿಡ ಅದು. ಬದುಕಿದ್ದಷ್ಟೇ ಅಲ್ಲ, ಬಾಲ್ಕನಿಯ ಸರಳು ದಾಟಿ ಪಕ್ಕದ ಮನೆಯವರ ಸೀರೆ ಹಿಡಿದೆಳೆಯುವಷ್ಟು ಬೆಳೆಯಿತು. ಆಫೀಸಿನಲ್ಲಿ ದೇಸಿ ಗಿಡಗಳ ಬಗ್ಗೆ ಭಾಷಣ ಕೊಡತೊಡಗಿದೆ. ಅಪ್ಪ ಮಾತ್ರ ಒಮ್ಮೆ ಅದನ್ನು ಮೇಲೆ ಕೆಳಗೆ ನೋಡಿ, "ಗಿಡ ಭಾಳ ಜೋರ್ ಐತಿ" ಅಂದು ಒಳಗೆ ಹೋದರು.

ದಸರಾ ದಿನ ಹೆದರುತ್ತಲೇ, "ಕಾಕಾಗ ಬನ್ನಿ ಕೊಟ್ಟು ಬರ್ಲೇನು?" ಅಂತ ಕೇಳಿದೆ. ಅಪ್ಪ ತಾವೇ ಬಾಲ್ಕನಿಗೆ ಹೋಗಿ, ಬಹಳ ಹೊತ್ತು ಅಲ್ಲೇ ಇದ್ದು, ಟೊಂಗೆಯೊಂದನ್ನು ಪೇಪರಿನಲ್ಲಿ ಸುತ್ತಿ ತಂದು ಕೊಟ್ಟರು. "ನಾ ಕಳಿಸೀನಂತ ಹೇಳಬ್ಯಾಡ."

ಉಪ್ಪಲ್‌ನಲ್ಲಿ ಕಾಕಾ ಪೇಪರು ಬಿಚ್ಚಿದರು. ಟೊಂಗೆ ನೋಡಿದರು, ನನ್ನನ್ನು ನೋಡಿದರು.

"ಇದೇನಲೇ?"

"ಬನ್ನಿ, ಕಾಕಾ. ಬಂಗಾರದಂಗ ಇರೋಣು."

"ಬಳ್ಳಾರಿ ಜಾಲಿಯೋ ಇದು. ಊರ ಹೊರಗ ಹಾಳ ಬಿದ್ದಿರತೈತಿ. ಇದನ್ನ ರೊಕ್ಕಾ ಕೊಟ್ಟು ತಂದಿ? ಕುಂಡದಾಗ ಇಟ್ಟು ಬೆಳಿಸೀದಿ?"

ದೇಸಿ ಗಿಡ ಹುಡುಕಲು ಹೋದವನು ಸಮುದ್ರದಾಚೆಯಿಂದ ಬಂದು ಇಲ್ಲಿನ ಹೊಲಗಳನ್ನೇ ನುಂಗಿದ ಮುಳ್ಳನ್ನು ಕುಂಡದಲ್ಲಿಟ್ಟು ಸಾಕಿದ್ದೆ. ನನ್ನ ಮುಖ ನೋಡಿ ಕಾಕಾ ಹೊಟ್ಟೆ ಹಿಡಿದು ನಗತೊಡಗಿದರು. ನಗುತ್ತಲೇ ಟೊಂಗೆ ಸವರಿದವರು ಥಟ್ಟನೆ ನಗು ನಿಲ್ಲಿಸಿದರು.

"ಮುಳ್ಳು ಯಾರು ತಗದ್ರು?"

ಆಗ ನಾನೂ ನೋಡಿದೆ. ಒಂದೊಂದು ಮುಳ್ಳಿನ ತುದಿಯನ್ನೂ ಉಗುರು ಕತ್ತರಿಯಿಂದ ತೆಗೆಯಲಾಗಿತ್ತು. "ಅಪ್ಪಾನೇ ಕೊಯ್ದು ಕೊಟ್ರು" ಅಂದೆ, ಹೇಳಬಾರದೆಂಬುದನ್ನು ಮರೆತು.

ಕಾಕಾ ಟೊಂಗೆಯನ್ನು ಕೆಳಗಿಡಲಿಲ್ಲ. "ಸಣ್ಣಾಂವ ಇದ್ದಾಗ ಉರುವಲಕ್ಕ ಜಾಲಿ ಕಡ್ಯಾಕ ಹೋಗ್ತಿದ್ವಿ" ಅಂದರು, ನನಗಲ್ಲ, ಟೊಂಗೆಗೆ. "ಅಣ್ಣ ಮೊದಲ ಮುಳ್ಳ ಮುರದು, ಆಮ್ಯಾಲೆ ನನ್ನ ಕೈಗೆ ಕೊಡ್ತಿದ್ದ." ಇನ್ನೊಂದು ಕೈಯಲ್ಲಿ ಫೋನ್ ತೆಗೆದರು.

"ಅಣ್ಣಾ, ನಿನ್ನ ಮಗಾ ಜಾಲಿ ತಂದಾನ."

"ಗೊತ್ತೈತಿ" ಅಂದಿತು ಆ ಕಡೆಯ ದನಿ.

"ಗೊತ್ತಿದ್ದೂ ಅವಗ ಹೇಳಿಲ್ಲೇನು?"

"ಹೇಳಿದ್ರ ಅಂವ ನಿನ್ನ ಕಡೆ ಬರ್ತಿದ್ದಿಲ್ಲ."

ಆಮೇಲೆ ಅಪ್ಪನೇ, "ಊಟ ಆತೇನು?" ಅಂತ ಕೇಳಿದರು. ಅಲ್ಲಿಂದ ಮುಂದೆ ಅವರಿಬ್ಬರೂ ಸೇರಿ ಬೈದದ್ದು ಬೌಲರುಗಳನ್ನಲ್ಲ, ನನ್ನನ್ನು. ಜೀವಮಾನದಲ್ಲಿ ಅಷ್ಟು ಸುಖವಾಗಿ ಬೈಸಿಕೊಂಡಿಲ್ಲ.

ಮುಂದಿನ ಭಾನುವಾರ ನಿಜವಾದ ಬನ್ನಿ ತರಲು ಇಬ್ಬರೂ ನರ್ಸರಿಗೆ ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ. "ನೀ ಮನ್ಯಾಗ ಇರು. ತುಳಸಿ ಅಂತ ಕಳ್ಳಿ ತರ್ತಿ" ಅಂದರು ಕಾಕಾ. ತಿಂಡಿ ತಿಂದು ಹೋದವರು ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಬಂದರು. ನರ್ಸರಿ ತನಕ ಹೋಗಲೇ ಇಲ್ಲವಂತೆ. ದಾರಿಯಲ್ಲಿ ಚಹಾಕ್ಕೆ ಕೂತರಂತೆ. ಅದರ ಮುಂದಿನ ಭಾನುವಾರವೂ ಅಷ್ಟೇ. ಮೊನ್ನೆ ಖಲೀಲ್ ಭಾಯ್ ಫೋನ್ ಮಾಡಿ, ಒಳ್ಳೆಯ ಬನ್ನಿ ಸಸಿ ಬಂದಿದೆ, ಮನೆಗೇ ಕಳಿಸಲೇ ಅಂತ ಕೇಳಿದರು.

ಈಗಲೇ ಬೇಡ, ಅವಸರವಿಲ್ಲ ಅಂದೆ.