ಏರಿನಲ್ಲಿ ಕುಶಲೋಪರಿ

ನಮ್ಮ ಅಪ್ಪ ಗಣಿತದ ಮಾಸ್ತರರು. ಧಾರವಾಡದಲ್ಲಿ ಅಷ್ಟು ಕಡಿಮೆ ಮಾತಾಡಿ ಸಂಸಾರ ತೂಗಿಸಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ಓಣಿಯವರು ಎದುರಾದರೆ ತಲೆಯಾಡಿಸುತ್ತಿದ್ದರು, ಅದೂ ಹಬ್ಬವಿದ್ದರೆ. ಅರವತ್ತರ ದಶಕದ ಒಂದು ಚಳಿಗಾಲ, ಇಂಥವರು ಶಾಲೆ ಬಿಟ್ಟು ನಮ್ಮ ಓಣಿಯ ಏರು ಹತ್ತುವಾಗ ಕಂಡ ಕಂಡ ಗೇಟಿಗೆ ನಿಂತು, "ಆರಾಮ ಅದೀರೇನ್ರಿ? ಮಕ್ಕಳು ಹೆಂಗ ಅದಾರ?" ಎಂದು ಕೇಳತೊಡಗಿದರು.

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎಂದರು ಓಣಿಯವರು. ಮದುವೆಯಾದಾಗಿನಿಂದ ತಾನು ಹೇಳಿದ್ದು ಅಂತೂ ತಲೆಗೆ ಹೋಯಿತೆಂದು ಅವ್ವನಿಗೆ ಹೆಮ್ಮೆ. ಅದೇ ದಿನಗಳಲ್ಲಿ ಅಪ್ಪ ವಾಯು ಎಂದು ಬದನೆಕಾಯಿ ಬಿಟ್ಟಿದ್ದರು. ಅವ್ವ ದಿನಾ ಅಜವಾನ ಹುರಿದು ಕೊಡುತ್ತಿದ್ದಳು. ಈ ವಾಯುವಿಗೂ ಆ ಕುಶಲೋಪರಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ನಾನು ಕಾಲೇಜಿನಿಂದ ಅವರ ಹಿಂದೆಯೇ ಬರುತ್ತಿದ್ದೆ. ಅಪ್ಪ ಒಂದು ಗೇಟಿನ ಸರಳು ಹಿಡಿದು, "ಆರಾಮ ಅದೀರೇನ್ರಿ?" ಎಂದರು. ಆ ಮನೆಯವರು ಮದುವೆಗೆಂದು ಹತ್ತಿರದ ಮುಗದ ಊರಿಗೆ ಹೋಗಿದ್ದರು. ಅಪ್ಪ ಕುಶಲ ಕೇಳುತ್ತಿದ್ದುದು ಬಾಗಿಲ ಬೀಗಕ್ಕೆ. ಹತ್ತಿರ ಹೋದರೆ ಆ ಚಳಿಯಲ್ಲೂ ಹಣೆ ಬೆವೆತಿತ್ತು, ಇನ್ನೊಂದು ಕೈ ಎದೆಯ ಮೇಲಿತ್ತು.

"ಅಪ್ಪಾ, ಮನ್ಯಾಗ ಯಾರೂ ಇಲ್ಲ."

"ಗೊತ್ತೈತಿ. ಸ್ವಲ್ಪ ತಡಿ."

ಮರುದಿನವೇ ಅವ್ವನೂ ನಾನೂ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದೆವು.

ಹುಬ್ಬಳ್ಳಿಯ ಡಾಕ್ಟರು ಎದೆಗೆ ತಂತಿ ಹಚ್ಚಿ, ಉದ್ದನೆಯ ಕಾಗದ ತೆಗೆದು ನೋಡಿದರು. "ಹೃದಯಕ್ಕ ರಕ್ತ ಒಯ್ಯೋ ನಾಳ ಸಣ್ಣ ಆಗ್ಯಾವ್ರಿ. ಕೂತಾಗ ಅಷ್ಟ ರಕ್ತ ಸಾಕು. ಏರು ಹತ್ತಿದ್ರ ಹೃದಯದ ಸ್ನಾಯು ಹೆಚ್ಚಿಗಿ ಕೇಳತೈತಿ, ಸಿಗಂಗಿಲ್ಲ. ಅದಕ್ಕ ನೋವು. ನಿಂತ್ರ ಇಳೀತೈತಿ. ಆದ್ರ ಒಂದು ಭಾಗ ಈಗಾಗಲೇ ಸೋತೈತಿ."

ಅವ್ವ ಅಪ್ಪನತ್ತ ತಿರುಗಿದಳು. "ನೀವು ನಿಂತು ಮಾತಾಡತಿದ್ದದ್ದು ಇದಕ್ಕೇನ್ರಿ?"

"ನಡುಬೀದ್ಯಾಗ ಸುಮ್ಮನ ನಿಂತ್ರ ಮಂದಿ ಏನಂತಾರ?" ಎಂದರು ಅಪ್ಪ.

ನಾಲಿಗೆಯ ಕೆಳಗಿಡುವ ಗುಳಿಗೆ ಬಂತು. ಕೆಲವು ತಿಂಗಳು ಅಪ್ಪ ಎಲ್ಲಿಯೂ ನಿಲ್ಲದೆ ಮನೆ ಮುಟ್ಟಿದರು. ರೋಗದ ಸುದ್ದಿ ತಿಳಿಯದ ಓಣಿ, ಮಾಸ್ತರರಿಗೆ ಮತ್ತೆ ಸೊಕ್ಕು ಬಂತೆಂದು ಮುನಿಸಿಕೊಂಡಿತು. ಮುಂದಿನ ಚಳಿಗಾಲಕ್ಕೆ ಗುಳಿಗೆಯೂ ಸಾಲದಾಯಿತು. ಅಪ್ಪ ಮತ್ತೆ ಗೇಟುಗಳಿಗೆ ನಿಂತರು, ಆದರೆ ಈಗ ಕುಶಲ ಕೇಳುವಷ್ಟೂ ಉಸಿರಿರಲಿಲ್ಲ. ಗೇಟಿನಾಚೆ ನಿಂತವರು, ಮಾಸ್ತರರು ಏನು ಕೇಳುತ್ತಾರೋ ಎಂದು ಕಾಯುತ್ತಿದ್ದರು. ಕೆಲಸ ಬಿಡಿ ಎಂದರೆ ಅಪ್ಪ ಕೇಳುವವರಲ್ಲ.

ಆಮೇಲೆ ಅವ್ವ ದಿನಾ ಸಂಜೆ ಏರಿನ ಬುಡಕ್ಕೆ ಇಳಿದು ಹೋಗತೊಡಗಿದಳು. ಗಂಡ ಹೆಂಡತಿ ಜೋಡಿಯಾಗಿ ಬೀದಿಯಲ್ಲಿ ನಡೆಯುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ಅವ್ವ ನಡೆದಳು. ಅಪ್ಪ ನಿಂತಲ್ಲಿ ತಾನೂ ನಿಂತು, ಆ ಮನೆಯವರೊಡನೆ ಜೋಳದ ಧಾರಣೆ, ನಳದ ನೀರು, ಯಾರದೋ ಬಾಣಂತನ ಎಂದು ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ಸೆರಗಿನ ಮರೆಯಲ್ಲಿ ಅವಳ ಕೈ ಅಪ್ಪನ ಮೊಳಕೈಯನ್ನು ಹಿಡಿದಿರುತ್ತಿತ್ತು. ಅಪ್ಪನ ಮುಖಕ್ಕೆ ಬಣ್ಣ ತಿರುಗಿದ ಮೇಲೆಯೇ, "ಬರತೇವ್ರಿ" ಎನ್ನುತ್ತಿದ್ದಳು. ಮನೆಗೆ ಬಂದರೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂತುಬಿಡುತ್ತಿದ್ದಳು. ಅವಳಿಗೆ ಹೆದರಿಕೆ ಎಷ್ಟಿತ್ತೆಂದು ಅಲ್ಲಿ ಗೊತ್ತಾಗುತ್ತಿತ್ತು.

"ಪಾಪ, ಮಾಸ್ತರು ಈಗ ನಾಕು ಮಾತು ಕಲತಿದ್ರು. ಆಕಿ ಅವರಿಗೆ ಬಾಯಿ ತಗಿಯಾಕ ಬಿಡಂಗಿಲ್ಲ" ಎಂದು ಓಣಿಯಲ್ಲಿ ಆಡಿಕೊಂಡರು. ಅದು ಅವ್ವನ ಕಿವಿಗೂ ಬಿತ್ತು. ಮರುದಿನ ಅವಳು ಇನ್ನಷ್ಟು ಮಾತಾಡಿದಳು.