ಅಜ್ಜಿ ಆರಿಸಿದ ಪೆನ್ ಟಾರ್ಚ್

ಗೆಳೆಯರೇ, ಇವತ್ತು ಬೀದರಿನ ಅಂಗಡಿಯೊಂದರಲ್ಲಿ ಜೇಬಿಗೆ ಹಿಡಿಸುವ ಪೆನ್ ಟಾರ್ಚ್‌ಗಳನ್ನು ಹಚ್ಚಿ ನೋಡುತ್ತಿದ್ದೆ. ಜೊತೆಗೆ ಬಂದಿದ್ದ ಭಾತಂಬ್ರಾದ ನನ್ನ ಅಜ್ಜಿ ಒಂದೊಂದನ್ನೂ ಕಿವಿಗೆ ಹಿಡಿದು ಗುಂಡಿ ಒತ್ತುತ್ತಿದ್ದಳು.

ಅಂಗಡಿಯವನು ನಕ್ಕ. "ಅಮ್ಮಾ, ಅದು ರೇಡಿಯೋ ಅಲ್ರಿ. ಬೆಳಕ ನೋಡ್ರಿ."

"ಬೆಳಕ ಎಲ್ಲಾದರಾಗೂ ಅದಪಾ. ಸಪ್ಪಳ ಆಗಬಾರದು. ನಿಜಾಮನ ಕಾಲಕ್ಕ ರಜಾಕಾರರ ಹಾವಳ್ಯಾಗ ನಮ್ಮವ್ವ ಓಣಿ ಹೆಣ್ಮಕ್ಕಳನ್ನ ರಾತ್ರಿ ಜ್ವಾಳದ ಹೊಲದಾಗ ಹಾಯಿಸಿ ದಾಟಿಸಿದಳು. ಮುಂದ ಬ್ಯಾಟ್ರಿ ಹಿಡದಾಕಿ ನಾನು. ಟಿಕ್ ಅಂದ್ರ ಎಲ್ಲಾರ ಜೀವಾ ಹೋಗ್ತಿತ್ತು."

"ಎಲ್ಲಾರೂ ಉಳದ್ರೇನ್ರಿ?"

"ಒಬ್ಬಾಕಿನೂ ಸಿಗಲಿಲ್ಲ ಅವರಿಗೆ."

ಅಂಗಡಿಯವನು ತನ್ನ ಕುರ್ಚಿ ಬಿಟ್ಟುಕೊಟ್ಟ. ಅಜ್ಜಿ ಕುಳಿತೇ ಸಪ್ಪಳವಿಲ್ಲದ್ದೊಂದನ್ನು ಆರಿಸಿದಳು. ನನಗೆ ಎದೆಯುಬ್ಬಿ ಬಂತು. ಅಂಗಡಿಯಲ್ಲಿದ್ದವರಿಗೆಲ್ಲ, ಯಾರೂ ಕೇಳದಿದ್ದರೂ, "ಇವಳು ನಮ್ಮಜ್ಜಿ" ಎಂದು ಹೇಳಿಬಂದೆ. ಈಗ ನಿಮಗೂ ಹೇಳುತ್ತಿದ್ದೇನೆ.