ಎಸೆಯಲು ಬಾರದವರ ತಂಡ

“ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಸಾಯುತ್ತೇನೆ. ಭಾನುವಾರ ಸಂಜೆ ಪಂದ್ಯ ಇದೆ. ಬರುತ್ತೀಯಲ್ಲ?”

ಪಕ್ಕದ ಮನೆಯ ವಾಲ್ಟರ್ ಇದನ್ನು ಹೇಳಿದಾಗ ನಾನು ಕಸದ ಡಬ್ಬಿಯನ್ನು ರಸ್ತೆಗೆ ಎಳೆಯುತ್ತಿದ್ದೆ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು “ಏನಂದಿರಿ?” ಎಂದೆ. ಅವರು ಊರುಗೋಲಿನ ಮೇಲೆ ಭಾರ ಬಿಟ್ಟು, ನಾಳೆ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವಷ್ಟೇ ಸಹಜವಾಗಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ಡಚ್ಚರ ಈ ದೇಶದಲ್ಲಿ ಎಲ್ಲದಕ್ಕೂ ‘ಆಫ್‌ಸ್ಪ್ರಾಕ್’ ಬೇಕು. ಅಂದರೆ ಮೊದಲೇ ಗೊತ್ತುಮಾಡಿಕೊಂಡ ದಿನ, ಹೊತ್ತು. ಕ್ಷೌರಕ್ಕೆ ಬೇಕು, ಬ್ಯಾಂಕಿಗೆ ಬೇಕು, ಗೆಳತಿಯ ಮನೆಗೆ ಚಹಾಕ್ಕೆ ಹೋಗಲೂ ಬೇಕು. ಅದಕ್ಕೆಲ್ಲ ನಾನು ಒಗ್ಗಿಕೊಂಡಿದ್ದೆ. ವಾಸಿಯಾಗದ ರೋಗದವರು ಕೇಳಿಕೊಂಡರೆ ಕಾನೂನಿನ ಪ್ರಕಾರ ಸಾವಿಗೂ ಅದು ಸಿಗುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅಂಥ ಸಾವು ನನ್ನ ಮನೆಯ ಮುಂದೆಯೇ ನಿಂತು ನನ್ನನ್ನು ಮಾತಾಡಿಸುತ್ತದೆ ಎಂದು ಎಣಿಸಿರಲಿಲ್ಲ.

ನಾವು ಗದಗಿನವರು. ನನ್ನ ಗಂಡ ಬಸವರಾಜ ಸೇತುವೆ ಕಟ್ಟುವ ಎಂಜಿನಿಯರು, ಕೆಲಸ ಹೇಗ್ ನಗರದಲ್ಲಿ. ನಾನು ಲೈಡನ್ನಿನ ಒಂದು ಪ್ರಯೋಗಾಲಯಕ್ಕೆ ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ವೂರ್‌ಬರ್ಗ್‌ನಲ್ಲಿ ನಮಗೆ ಸಿಕ್ಕಿದ್ದು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಮೆಟ್ಟಿಲು ಏಣಿಯಷ್ಟು ಕಡಿದು, ಗೋಡೆ ತೆಳು. ಗದಗಿನ ನಮ್ಮ ಓಣಿಯಲ್ಲಿ ಬಾಗಿಲು ತೆರೆದಿರುತ್ತದೆ, ಕಿಟಕಿಗೆ ಪರದೆ ಇರುತ್ತದೆ. ಇಲ್ಲಿ ತಿರುಗುಮುರುಗು. ಬೀದಿಯಲ್ಲಿ ಹೋಗುವವರಿಗೆ ಮನೆಯೊಳಗಿನ ಊಟದ ಮೇಜೂ ಕಾಣುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಮೊದಲ ಚಳಿಗಾಲವಿಡೀ ಯಾರೂ ನಮ್ಮ ಗಂಟೆ ಒತ್ತಲಿಲ್ಲ. ಮಗಳು ತನ್ವಿ ಶಾಲೆಗೆ ಸೇರಿ ಡಚ್ ಕಲಿತಳು, ನಾವಿಬ್ಬರೂ ಅವಳ ಹಿಂದೆ ಹಿಂದೆ ತಡವರಿಸಿದೆವು.

ಮೊದಲು ಗಂಟೆ ಒತ್ತಿದವರು ವಾಲ್ಟರ್. ಒಂದು ಶನಿವಾರ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲು ತೆರೆದರೆ ಎತ್ತರದ ಮುದುಕರೊಬ್ಬರು ನನ್ನ ಮುಖವನ್ನೂ ಕೈಗಳನ್ನೂ ಪರೀಕ್ಷೆ ಮಾಡುವಂತೆ ನೋಡಿದರು.

“ಗೋಡೆಯಾಚೆಯಿಂದ ಸದ್ದು ಕೇಳಿಸಿತು,” ಅಂದರು. “ಯಾರಾದರೂ ನಿನ್ನನ್ನು ಹೊಡೆಯುತ್ತಿದ್ದಾರಾ?”

ಹಿಟ್ಟು ಮೆತ್ತಿದ ಅಂಗೈ ತೋರಿಸಿದೆ. ಒಳಗೆ ಕರೆದು ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಾಕಿಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯದನ್ನು ಕೇಳಿ ತಿಂದರು. ಅವರೂ ಈ ನೆಲದವರಲ್ಲ. ಅಮೆರಿಕದ ಉತ್ತರದಲ್ಲಿ, ಸಮುದ್ರದಂಥ ಸರೋವರದ ದಂಡೆಯ ಒಂದು ಕಾರ್ಖಾನೆ ಊರಿನವರು. ಟ್ರೂಸ್ ಎಂಬ ಡಚ್ ಹೆಂಗಸನ್ನು ಮದುವೆಯಾಗಿ ಪ್ರಾಯದಲ್ಲೇ ಇಲ್ಲಿಗೆ ಬಂದವರು. ಟ್ರೂಸ್ ತೀರಿಹೋಗಿದ್ದರು. ಮಗಳು ಮಾರ್ಲೀನ್ ದೂರದ ಊರಿನಲ್ಲಿ ದಾದಿ. ಇವರ ಬಳಿ ಉಳಿದಿದ್ದದ್ದು ಆ ಮನೆ ಮತ್ತು ಭಾನುವಾರ ಸಂಜೆ ಟಿವಿಯಲ್ಲಿ ಬರುವ ತಮ್ಮೂರಿನ ಆಟ.

ಆ ಆಟದ ಹೆಸರು ಫುಟ್‌ಬಾಲ್, ಆದರೆ ಕಾಲಿನ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎಸೆಯುವವನು ಒಬ್ಬನೇ. ಅವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ಟಿನಲ್ಲಿ ಒಬ್ಬ ಸೊನ್ನೆಗೆ ಔಟಾದರೆ ಮುಂದಿನವನಿದ್ದಾನೆ. ಇಲ್ಲಿ ಅವನು ಕೆಟ್ಟರೆ ಇಡೀ ತಂಡ ಕೆಟ್ಟಂತೆ. ವಾಲ್ಟರ್ ಅವರ ಊರಿನ ತಂಡಕ್ಕೆ ಅವರಿಗೆ ಬುದ್ಧಿ ಬಂದಾಗಿನಿಂದ ಒಬ್ಬ ಒಳ್ಳೆಯ ಎಸೆಗಾರ ನಿಂತಿರಲಿಲ್ಲ. ಪ್ರತಿ ಸಲ ಹೊಸ ಹುಡುಗನೊಬ್ಬ ಬರುತ್ತಾನೆ. ಊರು ಅವನನ್ನು ಹೆಗಲ ಮೇಲೆ ಹೊರುತ್ತದೆ. ಎರಡು ಚಳಿಗಾಲ ಕಳೆಯುವುದರೊಳಗೆ ಅದೇ ಊರು ಅವನಿಗೆ ಛೀಮಾರಿ ಹಾಕಿ ಕಳಿಸುತ್ತದೆ.

“ಇವರೆಲ್ಲರೂ ದಡ್ಡರೇನು?” ಎಂದು ಒಮ್ಮೆ ಅವರ ಮನೆಯಲ್ಲಿ ಆಟ ನೋಡುತ್ತ ಕೇಳಿದೆ.

“ಅಲ್ಲ,” ಅಂದರು ವಾಲ್ಟರ್. “ಬರುವಾಗ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಮುಂದೆ ನಿಂತು ಎಸೆಗಾರನನ್ನು ಕಾಯಬೇಕಾದವರು ಕಾಯುವುದಿಲ್ಲ. ವರ್ಷಕ್ಕೊಬ್ಬ ಹೊಸ ತರಬೇತುದಾರ ಬಂದು ಹಿಂದೆ ಕಲಿತದ್ದನ್ನು ಮರೆ ಎನ್ನುತ್ತಾನೆ. ಏಟು ತಿಂದು ತಿಂದು ಹುಡುಗನಿಗೆ ಹೆದರಿಕೆ ಹತ್ತುತ್ತದೆ. ಆಮೇಲೆ ಹೊಡೆಯಲು ಯಾರೂ ಬರದಿದ್ದರೂ ಅವನು ಮೈ ಮುದುರುತ್ತಾನೆ. ನೋಡು, ಈಗ ನೋಡು.”

ನಿಜವಾಗಿಯೂ ಆ ಹುಡುಗ ಖಾಲಿ ಜಾಗದಲ್ಲಿ ನಿಂತು ಭುಜ ಮುದುರಿದ. ಡಚ್ ಮಾತಿನ ಫೋನ್ ಬಂದಾಗ ನನ್ನ ಭುಜವೂ ಹಾಗೇ ಆಗುತ್ತಿತ್ತು. ಅಂದಿನಿಂದ ಪ್ರತಿ ಭಾನುವಾರ ಹೋದೆ. ತನ್ವಿ ಅವರನ್ನು ‘ಓಪಾ’ ಎಂದು ಕರೆಯತೊಡಗಿದಳು. ಓಪಾ ಎಂದರೆ ಅಜ್ಜ.

ಕಳೆದ ಬೇಸಿಗೆಯಲ್ಲಿ ಅವರ ಬೆನ್ನುನೋವು ಹೆಚ್ಚಾಯಿತು. ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಅದೇ ಹೊತ್ತಿಗೆ ತಂಡಕ್ಕೆ ಹೊಸ ಎಸೆಗಾರನೊಬ್ಬ ಬಂದಿದ್ದ. ಅವನು ಮೈ ಮುದುರುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ತಂಡ ಸಾಲಾಗಿ ಗೆದ್ದಿತು. ವಾಲ್ಟರ್ ನೋವಿನ ಗುಳಿಗೆ ನುಂಗಿ ಸೋಫಾದ ಮೇಲೆ ಕೂತು, “ಇದು ಸರಿಯಲ್ಲ. ಏನೋ ಕೆಡುಕು ಕಾದಿದೆ,” ಎಂದು ನಗುತ್ತಿದ್ದರು. ನವೆಂಬರಿಗೆ ಮೆಟ್ಟಿಲು ಹತ್ತಲೂ ಮಾರ್ಲೀನ್ ಬೇಕಾಯಿತು. ಅವಳು ರಜೆ ಹಾಕಿ ಬಂದು ಅಲ್ಲೇ ಉಳಿದಳು.

ಆ ದಿನ ಕಸದ ಡಬ್ಬಿ ಬಿಟ್ಟು ಒಳಗೆ ಬಂದು ಬಸವರಾಜನಿಗೆ ಹೇಳಿದೆ.

“ರೀ, ಅವರು ಸಾಯೋ ದಿನಾ ಗೊತ್ತು ಮಾಡ್ಯಾರ್ರಿ.”

“ಹಂಗಂದ್ರ? ಇನ್ನ ಇಷ್ಟ ದಿನ ಅಂತ ಡಾಕ್ಟರ್ ಹೇಳ್ಯಾರೇನು?”

“ಅಲ್ರಿ. ಡಾಕ್ಟರೇ ಮನಿಗೆ ಬಂದು ಇಂಜೆಕ್ಷನ್ ಕೊಡ್ತಾರಂತ.”

ನಮ್ಮ ದೊಡ್ಡಪ್ಪನಿಗೆ ಇದೇ ರೋಗ ಬಂದಾಗ ಮನೆಮಂದಿಯೆಲ್ಲ ಸೇರಿ ‘ಗ್ಯಾಸ್ ಆಗೈತಿ’ ಎಂದೇ ಕೊನೆಯವರೆಗೆ ಹೇಳಿದ್ದೆವು. ಅವರು ಚೀರುತ್ತ ಹೋದರು, ರೋಗದ ಹೆಸರನ್ನು ಮಾತ್ರ ಯಾರೂ ಅವರ ಮುಂದೆ ಆಡಲಿಲ್ಲ.

“ಭಾನುವಾರ ಹೋಗೂಣು,” ಅಂದ ಬಸವರಾಜ. “ಸಾಯೋ ಮನಷ್ಯಾ ಕರದಾನ. ಒಲ್ಲೆ ಅನಬಾರದು.”

ನಾನು ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಹೋಗಿ ವಾಲ್ಟರ್ ಜೊತೆ ಜಗಳವಾಡಿದೆ. “ಈ ಸಲದ ಪಂದ್ಯಗಳು ಮುಗಿಯುವವರೆಗಾದರೂ ಇರಿ. ಈ ಹುಡುಗ ಗೆಲ್ಲಿಸುತ್ತಾನೆ.”

“ಅವರು ಗೆಲ್ಲಲಿ ಎಂದು ಕಾಯುತ್ತ ಕೂತರೆ ನಾನು ಸಾಯುವುದೇ ಇಲ್ಲ,” ಅಂದರು. ನಗಲು ಹೋಗಿ, ನೋವಿಗೆ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದರು. ಬೆರಳ ಗಿಣ್ಣುಗಳು ಬೆಳ್ಳಗಾದವು. ನಾನು ಜಗಳ ಬಿಟ್ಟು ಅವರ ದಿಂಬು ಸರಿಮಾಡಿದೆ.

ಭಾನುವಾರ ನಾವು ಮೂವರೂ ಹೋದೆವು. ಮಂಚವನ್ನು ಟಿವಿಯ ಮುಂದೆಯೇ ತಂದಿದ್ದರು. ಮಾರ್ಲೀನ್ ಎಲ್ಲರಿಗೂ ಸೂಪು ಕೊಟ್ಟಳು. ತಂಡ ಮೊದಲು ಮುಂದಿತ್ತು. ಆಮೇಲೆ ಮುಂದೆ ನಿಂತು ಕಾಯುವವರಲ್ಲೊಬ್ಬ ಜಾರಿದ. ಇಬ್ಬರು ದೈತ್ಯರು ಹುಡುಗನ ಮೊಣಕಾಲಿನ ಮೇಲೆ ಬಿದ್ದರು. ಅವನನ್ನು ಗಾಡಿಯಲ್ಲಿ ಹೊರಗೆ ಒಯ್ದರು. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ನೋವಿಗೆ ಕೊಟ್ಟ ಮಾರ್ಫಿನ್ನಿನ ಮಂಪರಿಗೆ ವಾಲ್ಟರ್ ಅವರ ಕಣ್ಣು ಮುಚ್ಚಿತು. ಬದಲಿ ಎಸೆಗಾರ ಕೊನೆಯ ಚೆಂಡನ್ನು ನೇರವಾಗಿ ಎದುರಾಳಿಯ ಕೈಗೇ ಎಸೆದ.

ಟಿವಿ ಆರಿಸಿದಾಗ ಅವರಿಗೆ ಎಚ್ಚರವಾಯಿತು. “ಏನಾಯಿತು?” ಎಂದು ನನ್ನನ್ನು ಕೇಳಿದರು.

“ಗೆದ್ದರು,” ಅಂದೆ. ನಾಲಿಗೆ ತಾನಾಗಿ ಹೊರಳಿತ್ತು. ನಮ್ಮ ಮನೆಯಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಅವರು ಮಗಳ ಕಡೆ ತಿರುಗಿದರು. ಮಾರ್ಲೀನ್ ಅವರ ಹಣೆ ಒರೆಸುತ್ತ, “ಸೋತರು, ಪಪ್ಪಾ,” ಅಂದಳು.

ನನಗೆ ಅವಳ ಮೇಲೆ ಸಿಟ್ಟು ಬಂತು. ಆದರೆ ವಾಲ್ಟರ್ ಅವರ ಮುಖ ಸಡಿಲವಾದದ್ದನ್ನು ಕಂಡೆ.

“ಒಳ್ಳೆಯದಾಯಿತು,” ಅಂದರು. “ಗೆದ್ದಿದ್ದರೆ ನಾಳೆ ಕಷ್ಟವಾಗುತ್ತಿತ್ತು.” ಆಮೇಲೆ ನನ್ನ ಕೈ ಹಿಡಿದರು. ಅವರ ಕೈ ಬಿಸಿಯಾಗಿ, ಒಣಗಿತ್ತು. “ನೀನು ಗೆಲ್ಲಿಸಿದ್ದಕ್ಕೂ ಥ್ಯಾಂಕ್ಸ್, ಸವಿತಾ.”

ಸೋಮವಾರ ನಾನು ಲೈಡನ್ನಿಗೆ ಹೋದೆ. ಎರಡು ಗಂಟೆಗೆ ಕೈಗವಸು ಹಾಕಿಕೊಂಡು ನಳಿಕೆಗಳಿಗೆ ದ್ರವ ತುಂಬುತ್ತಿದ್ದೆ. ಲೆಕ್ಕ ತಪ್ಪಿ ಒಂದು ಸಾಲೇ ಹಾಳಾಯಿತು. ಗೆಳತಿಯೊಬ್ಬಳು ಏನಾಯಿತೆಂದು ಕೇಳಿದಳು. ದಿನ, ಹೊತ್ತು ಗೊತ್ತುಮಾಡಿಕೊಂಡೇ ಒಬ್ಬರು ಈ ಗಳಿಗೆಯಲ್ಲಿ ಹೋಗುತ್ತಿದ್ದಾರೆ ಎಂದು ಹೇಗೆ ಹೇಳಲಿ? ಗದಗಿನಲ್ಲಾಗಿದ್ದರೆ ಓಣಿಗೆ ಓಣಿಯೇ ಆ ಬಾಗಿಲಲ್ಲಿ ಕೂತಿರುತ್ತಿತ್ತು. ಸಂಜೆ ಬಂದು ನೋಡಿದರೆ ಇಡೀ ಸಾಲಿನಲ್ಲಿ ಆ ಒಂದು ಕಿಟಕಿಗೆ ಮಾತ್ರ ಪರದೆ ಎಳೆದಿತ್ತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಸದ್ದು ಮಾಡದೆ ಅತ್ತೆ. ಗೋಡೆಯಾಚೆ ಕೇಳುವವರು ಯಾರೂ ಇಲ್ಲವೆಂದು ಆಮೇಲೆ ನೆನಪಾಯಿತು.

ಅಂತ್ಯಕ್ರಿಯೆಗೂ ಆಹ್ವಾನವಿದ್ದವರಷ್ಟೇ ಬಂದರು. ಕಾಫಿ, ಒಂದೊಂದು ತುಂಡು ಕೇಕು. ದಹನವಾದ ಮೇಲೆ ಬೂದಿ ಕೈಗೆ ಬರಲು ಇಲ್ಲಿ ಒಂದು ತಿಂಗಳು ಕಾಯಬೇಕು. ಆ ಹೊತ್ತಿಗೆ ವಾಲ್ಟರ್ ಅವರ ತಮ್ಮ ಅಮೆರಿಕದಿಂದ ಬಂದರು. ಅಣ್ಣತಮ್ಮಂದಿರ ನಡುವೆ ಮೊದಲೇ ಮಾತಾಗಿತ್ತಂತೆ. ಅರ್ಧ ಟ್ರೂಸ್ ಅವರ ಸಮಾಧಿಗೆ, ಅರ್ಧ ಅವರ ಊರಿನ ಸರೋವರಕ್ಕೆ. ಒಂದು ಶನಿವಾರ ಮಾರ್ಲೀನ್ ಇಲ್ಲಿನ ಅರ್ಧವನ್ನು ಮಣ್ಣಿಗಿಡುವಾಗ ನಮ್ಮನ್ನೂ ಕರೆದಳು.

ಹಿಂತಿರುಗುವಾಗ ಹಳೆಯ ಗೋರಿಯೊಂದರ ಮೇಲೆ ಚೀಟಿ ಅಂಟಿಸಿದ್ದನ್ನು ತನ್ವಿ ನಮಗೆ ಓದಿ ಹೇಳಿದಳು. ಈ ಜಾಗದ ಅವಧಿ ಮುಗಿದಿದೆ, ಸಂಬಂಧಿಕರು ಕಚೇರಿಗೆ ಬರಬೇಕು ಎಂದಿತ್ತು.

“ಬಾಡಿಗಿ ಮನಿ ಇದ್ದಂಗ ಐತಲ್ಲ ಇದು,” ಅಂದ ಬಸವರಾಜ. ನಾವು ಲಿಂಗಾಯತರು, ಸುಡುವುದಿಲ್ಲ, ಹೂಳುತ್ತೇವೆ. ಇಲ್ಲಿನ ಪಾಸ್‌ಪೋರ್ಟ್ ಬೇಕಾದರೆ ಭಾರತದ್ದನ್ನು ಬಿಡಬೇಕು, ಬಿಡುವುದೋ ಬೇಡವೋ ಎಂದು ಎಷ್ಟೋ ದಿನದಿಂದ ಮಾತಾಡುತ್ತಿದ್ದೆವು. ಸತ್ತರೆ ಎಲ್ಲಿ ಹೂಳುವುದು ಎಂಬ ಮಾತು ಮಾತ್ರ ಯಾವತ್ತೂ ಬಂದಿರಲಿಲ್ಲ.

“ಬೂದಿ ಆದ್ರ ಪಾಲು ಮಾಡಬಹುದು,” ಅಂದೆ. “ನಮ್ಮನ್ನ ಎಲ್ಲಿ ಹೂಳೂದ್ರಿ?”

ಉತ್ತರ ಕೊಟ್ಟವಳು ತನ್ವಿ. ಅರ್ಧ ಡಚ್ಚು, ಅರ್ಧ ಕನ್ನಡ.

“ಇಲ್ಲೇ ಅಲ್ಲೇನು, ಓಪಾ ಬಾಜೂಕ? ನಾನು ಸೈಕಲ್ ಮೇಲೆ ಬಂದು ಹೂವಿಗೆ ನೀರು ಹಾಕ್ತೀನಿ. ಗದಗಿಗೆ ನಾ ಒಬ್ಬಾಕೀನ ಹೆಂಗ ಹೋಗ್ಲಿ?”

ಬಸವರಾಜ ಅವಳ ಟೋಪಿಯನ್ನು ಕಿವಿಯವರೆಗೆ ಎಳೆದ. ನಾನು ಗೇಟಿನ ಕಡೆ ನಡೆದೆ.